ಎಡಗಡೆಯ ಖಾನೆ

ನವೆಂಬರ್ 3, ಶನಿವಾರ

ಒಕ್ತಾವ್‌ನ ಫೋಟೋ ಪತ್ರಿಕೆಯಲ್ಲಿ ಬಂದಿದೆ. ಅರ್ಧ ಪುಟ! ಬಿಳಿ ಕೋಟು, ಕಣ್ಣಿಗೆ ಸಿಕ್ಕಿಸಿಕೊಂಡ ಗಾಜು, ಬೆರಳ ತುದಿಗಳಿಗೆ ಆ ಹಾಳು ರಬ್ಬರ್ ಟೊಪ್ಪಿಗೆಗಳು. ಕೆಳಗೆ ದಪ್ಪಕ್ಷರದಲ್ಲಿ ‘ಕಣಿವೆಯ ಕೈ’ ಎಂದು ಹಾಕಿದ್ದಾರೆ, ಗಡಿಯಾರಕ್ಕೆ ಹೆಸರಾದ ಈ ಇಡೀ ಜೂ ಕಣಿವೆಗೆ ಒಂದೇ ಕೈ ಇದ್ದ ಹಾಗೆ. ನಲವತ್ತೇಳು ವರ್ಷದಿಂದ ಕೈಗಡಿಯಾರ ಮಾಡುತ್ತಿರುವ ನನ್ನ ತಮ್ಮ ಮಾರ್ಚ್ ಹದಿನೈದಕ್ಕೆ ನಿವೃತ್ತನಾಗುತ್ತಾನಂತೆ. ಲೆ ಸಾಂತಿಯೇ ಊರಿನ ಸಭಾಂಗಣದಲ್ಲಿ ಸಮಾರಂಭವಂತೆ.

ಜೋಸಿಯಾನ್ ಆ ಪುಟವನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ನಾನು ಕಟ್ಟಿಕೊಂಡ ಹೆಂಡತಿ ಇವಳು. ಈ ಶಾರ್ಬೊನಿಯೇರ್ ಊರಿನ ನೆಲಮಾಳಿಗೆಯಲ್ಲಿ ನಾನೂ ಐವತ್ತು ವರ್ಷ ವಾಶ್ರಾನ್ ಚೀಸ್ ತಿರುವಿ ಹಾಕಿದ್ದೇನೆ, ಉಪ್ಪುನೀರಲ್ಲಿ ತೊಳೆದಿದ್ದೇನೆ, ಒಂದೊಂದಕ್ಕೂ ಸ್ಪ್ರೂಸ್ ಮರದ ತೊಗಟೆಯ ಪಟ್ಟಿ ಸುತ್ತಿದ್ದೇನೆ. ಏಪ್ರಿಲ್‌ನಲ್ಲಿ ಮಾಳಿಗೆಗೆ ಬೀಗ ಹಾಕಿದಾಗ ಯಾವ ಪತ್ರಿಕೆಯವನೂ ಈ ಕಡೆ ತಲೆ ಹಾಕಲಿಲ್ಲ.

ಅಪ್ಪನ ಪರೀಕ್ಷೆಯ ವಿಷಯ ಇಲ್ಲಿ ಬರೆದಿಡುತ್ತೇನೆ. ಯಾರಾದರೂ ಓದಲಿ ಎಂದಲ್ಲ, ಬರೆದರೆ ಹೊಟ್ಟೆ ಸ್ವಲ್ಪ ತಣ್ಣಗಾಗುತ್ತದೆ. ಕೆಲವರ ಬೆವರು ಉಕ್ಕಿಗೆ ಆಗಿಬರುವುದಿಲ್ಲ. ಅವರು ಮುಟ್ಟಿದ ಕಡೆ ಮರುದಿನ ಬೆರಳಿನ ಗುರುತು ತುಕ್ಕಾಗಿ ಏಳುತ್ತದೆ. ಅಂಥವರನ್ನು ಈ ಕಣಿವೆಯಲ್ಲಿ ತುಕ್ಕುಗೈಯವರು ಎನ್ನುತ್ತಾರೆ, ಗಡಿಯಾರದ ಮೇಜಿನ ಹತ್ತಿರವೂ ಸೇರಿಸುವುದಿಲ್ಲ. ನನಗೆ ಹನ್ನೆರಡು, ಒಕ್ತಾವ್‌ಗೆ ಹತ್ತು ವರ್ಷವಾಗಿದ್ದಾಗ ಅಪ್ಪ ನಮ್ಮಿಬ್ಬರ ಕೈಗೂ ಹೊಳಪು ಮಾಡಿದ ಒಂದೊಂದು ಉಕ್ಕಿನ ಪಟ್ಟಿ ಕೊಟ್ಟು ಮುಷ್ಟಿಯಲ್ಲಿ ಬಿಗಿಹಿಡಿಸಿದ. ಸಂಜೆ ಹಾಲು ಕರೆಯುವ ಹೊತ್ತಿಗೆ ಅವನ್ನು ಬೇರೆ ಬೇರೆ ಕಾಗದದಲ್ಲಿ ಸುತ್ತಿ ತನ್ನ ಮೇಜಿನ ಖಾನೆಗಳಲ್ಲಿಟ್ಟ. ಎಡಗಡೆಯದು ನನ್ನದು, ಬಲಗಡೆಯದು ತಮ್ಮನದು. ಬೆಳಿಗ್ಗೆ ತೆಗೆದು ನೋಡಿದರೆ ಎಡಗಡೆಯ ಖಾನೆಯ ಪಟ್ಟಿ ಕೆಂಪಗೆ ತುಕ್ಕು ಹಿಡಿದಿತ್ತು. ಬಲಗಡೆಯದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಪ್ಪ ಬೈಯಲಿಲ್ಲ. ಖಾನೆ ಮುಚ್ಚಿ, “ವಿಲ್ಲಿ, ನೀನು ಮಾವನ ಚೀಸ್ ಮಾಳಿಗೆಗೆ ಹೋಗಪ್ಪ” ಎಂದ. ಅಲ್ಲಿಗೆ ಮುಗಿಯಿತು.

ಇವತ್ತು ತೀರ್ಮಾನ ಮಾಡಿದ್ದೇನೆ. ನಾನೂ ಒಂದು ಕೈಗಡಿಯಾರ ಮಾಡುತ್ತೇನೆ. ಅಂಥಿಂಥದ್ದಲ್ಲ, ಅವನ ಕಂಪನಿಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರೂ ನಾಚಬಾರದು, ಅಂಥದ್ದು. ಅಲ್ಲಿ ಒಂದು ಪದ್ಧತಿಯಿದೆ. ತಯಾರಾದ ವಾಚನ್ನು ಹಿರಿಯ ಕೆಲಸಗಾರ ಪರೀಕ್ಷಿಸಿ, ಒಪ್ಪಿಗೆಯಾದರೆ ಮಾತ್ರ ಬೆನ್ನಿನ ಮುಚ್ಚಳದ ಒಳಗೆ ಸೂಜಿಯಿಂದ ತನ್ನ ಗುರುತು ಕೊರೆಯುತ್ತಾನೆ. ಕೆಲಸ ಬಿಡುವ ದಿನ ಆ ಸೂಜಿಯನ್ನು ಒಪ್ಪಿಸಿಬಿಡಬೇಕು. ಅವನು ಸೂಜಿ ಒಪ್ಪಿಸುವ ಮೊದಲು ನನ್ನ ವಾಚಿನ ಮುಚ್ಚಳದಲ್ಲಿ ಅವನ ಗುರುತು ಬೀಳಬೇಕು. ತುಕ್ಕುಗೈಯವನು ಮಾಡಿದ್ದಕ್ಕೆ ಕಣಿವೆಯ ಕೈ ತಲೆಬಾಗಬೇಕು.

ನವೆಂಬರ್ 10, ಶನಿವಾರ

ಮುಚ್ಚಿಹೋದ ಒಂದು ಗಡಿಯಾರ ಕಾರ್ಖಾನೆಯ ಕೆಲಸಗಾರನ ವಿಧವೆಗೆ ಎರಡು ದಿನ ಸೌದೆ ಒಡೆದುಕೊಟ್ಟೆ. ಬದಲಿಗೆ ಗಂಡನ ಹಳೇ ಪುಟ್ಟ ಲೇತು, ಒಂದು ಹಿಡಿ ಅರಗಳು, ಚಿಮಟಗಳು, ಕೀಲಿ ಕೊಡುವಂಥ ಒಂದು ಹಳೆಯ ವಾಚಿನ ಯಂತ್ರ ಕೊಟ್ಟಳು. ಯಂತ್ರ ನಿಂತುಹೋಗಿದೆ, ಆದರೆ ಚಕ್ರಗಳೆಲ್ಲ ಇವೆ. ಉಳಿದದ್ದನ್ನು ನಾನೇ ಮಾಡಬೇಕು. ಹೊರಕವಚಕ್ಕೆ ಚೀಸ್ ಒತ್ತುವ ಯಂತ್ರದ ದಪ್ಪ ತಿರುಪನ್ನು ಕೊಯ್ದೆ. ಚಕ್ರಗಳನ್ನು ಮೇಲಿನಿಂದ ಹಿಡಿದಿಡುವ ಪಟ್ಟಿಗೆ ಚೀಸ್ ಕತ್ತರಿಸುವ ಹಳೇ ಅಲಗು ಇದೆ. ಈಗಿನ ತುಕ್ಕು ಹಿಡಿಯದ ಉಕ್ಕಲ್ಲ, ಮಾವನ ಕಾಲದ್ದು.

ಮಾಳಿಗೆಯ ಬೀಗ ತೆಗೆದು ಅಲ್ಲಿನ ಕಿಟಕಿಯ ಕೆಳಗೆ ಮೇಜು ಹಾಕಿಕೊಂಡೆ. ಅಪ್ಪನ ಮೇಜು ಒಕ್ತಾವ್‌ನ ಮನೆಯಲ್ಲಿದೆ. ಅದು ಅವನಿಗೇ ಹೋಗಬೇಕಿತ್ತಲ್ಲ!

ಜೋಸಿಯಾನ್ ಮೆಟ್ಟಿಲ ಮೇಲೆ ನಿಂತು ನೋಡಿದಳು. “ಅರವತ್ತೈದಕ್ಕೆ ಗಂಡಸರಿಗೆ ಏನಾದ್ರೂ ಒಂದು ಹುಚ್ಚು ಹಿಡಿಯುತ್ತಂತೆ. ಹೆಂಗಸಿನ ಹುಚ್ಚಲ್ಲವಲ್ಲ, ಬಿಡು” ಎಂದು ಹೋದಳು. ಒಕ್ತಾವ್‌ಗೆ ಹೇಳಕೂಡದು ಎಂದು ಆಣೆ ಹಾಕಿಸಿದ್ದೇನೆ.

ನವೆಂಬರ್ 22, ಗುರುವಾರ

ಅರ, ಅರ, ಅರ. ಹೆಬ್ಬೆರಳಿನ ಚರ್ಮ ಎದ್ದಿದೆ.

ಡಿಸೆಂಬರ್ 2, ಭಾನುವಾರ

ಹೆಂಡತಿ ತೀರಿಕೊಂಡ ಮೇಲೆ ಒಕ್ತಾವ್ ತಿಂಗಳಿಗೊಂದು ಭಾನುವಾರ ನಮ್ಮಲ್ಲಿ ಊಟಕ್ಕೆ ಬರುತ್ತಾನೆ. ಇವತ್ತು ಬಂದ. ಬಂದವನೇ ಕೈ ತೊಳೆದ, ಊಟಕ್ಕೆ ಮುಂಚೆ ತೊಳೆದ, ಊಟವಾದ ಮೇಲೆ ತೊಳೆದ. ಆಮೇಲೆ ಜೇಬಿನಿಂದ ಪುಟ್ಟ ಡಬ್ಬಿ ತೆಗೆದು ಬೆರಳುಗಳಿಗೆ ಬಿಳಿ ಪುಡಿ ಬಳಿದುಕೊಂಡ. ರಾಜಕುಮಾರಿಯರೂ ಇಷ್ಟು ಒಯ್ಯಾರ ಮಾಡುವುದಿಲ್ಲ.

“ಏನು ದೊಡ್ಡವನೇ, ಮಾಳಿಗೆ ಬಿಟ್ಮೇಲೆ ಹೊತ್ತು ಹೋಗುತ್ತಾ?” ಎಂದು ಕೇಳಿದ.

“ಹೋಗದೆ ಏನು? ನಿನ್ನ ಫೋಟೋ ನೋಡ್ಕೊಂಡು ಕೂತಿರ್ತೀನಿ.”

“ಅಯ್ಯೋ, ಅದರಲ್ಲಿ ನನ್ನ ಮೂಗು ಆಲೂಗಡ್ಡೆ ಥರ ಬಂದಿದೆ ಕಣೋ” ಎಂದು ನಕ್ಕ. ಜೋಸಿಯಾನ್ ಕೂಡ ನಕ್ಕಳು. ನನಗೆ ನಗು ಬರಲಿಲ್ಲ. ಅವನ ತಟ್ಟೆಗೆ ಅವಳು ಸಾಸೇಜಿನ ದೊಡ್ಡ ತುಂಡನ್ನೇ ಹಾಕಿದ್ದನ್ನು ನಾನು ನೋಡಿದ್ದೇನೆ.

ಹೊರಡುವಾಗ ಬಾಗಿಲಲ್ಲಿ ನಿಂತು, “ಈ ಸಲ ಜೆಂಶಿಯನ್ ಕಡ್ಡಿ ಕೊಡಲೇ ಇಲ್ವಲ್ಲೋ. ಕೊನೇ ವರ್ಷ, ನಿನ್ನ ಕಡ್ಡೀಲೇ ಮುಗಿಸೋಣ ಅಂತಿದ್ದೆ” ಎಂದ. ಉಕ್ಕಿಗೆ ಕೊನೆಯ ಹೊಳಪು ಕೊಡುವುದು ಆ ಗಿಡದ ಒಣಕಡ್ಡಿಯಿಂದಲೇ. ಇಪ್ಪತ್ತು ವರ್ಷದಿಂದ ಅವನಿಗೆ ಗುಡ್ಡದಿಂದ ಕೊಯ್ದು ತಂದುಕೊಡುತ್ತಿರುವವನು ನಾನು. ಇದನ್ನು ಪತ್ರಿಕೆಯವನಿಗೆ ಹೇಳಿದನೇ? ಹೇಳಲಿಲ್ಲ.

“ಈ ವರ್ಷ ಗಿಡ ಸರಿಯಾಗಿ ಬಂದಿಲ್ಲ” ಎಂದೆ. ನನ್ನ ಮಾಳಿಗೆಯಲ್ಲಿ ಎರಡು ಕಟ್ಟು ಇದೆ.

ಡಿಸೆಂಬರ್ 19, ಬುಧವಾರ

ಚಕ್ರ ಹಿಡಿದಿಡುವ ಎರಡನೇ ಪಟ್ಟಿಯೂ ಹಾಳಾಯಿತು. ಅಂಚುಗಳನ್ನು ಇಳಿಜಾರು ಮಾಡಿ ಹೊಳಪು ಕೊಡುವುದು ಕಲಿತಿದ್ದೇನೆ, ಅದು ಬಂದಿದೆ. ಬರದೇ ಇರುವುದು ಒಳಮೂಲೆ. ಎರಡು ಅಂಚುಗಳು ಒಳಗಡೆ ಸೇರುವ ಜಾಗ ಚಾಕುವಿನ ಹಾಗೆ ಚೂಪಾಗಿರಬೇಕು. ಯಂತ್ರದಲ್ಲಿ ಮಾಡಿದರೆ ಅದು ದುಂಡಗಾಗುತ್ತದೆ, ಕೈಯಲ್ಲಿ ಮಾಡಿದರೆ ಮಾತ್ರ ಚೂಪು. ದುಬಾರಿ ವಾಚು ಯಾವುದು, ಬರೀ ಹೊಳೆಯುವುದು ಯಾವುದು ಎಂದು ಬಲ್ಲವರು ನೋಡುವುದೇ ಅಲ್ಲಿ. ನನ್ನದು ಎರಡು ಸಲವೂ ದುಂಡಗಾಯಿತು. ಒಕ್ತಾವ್ ಇಂಥ ಮೂಲೆಗಳನ್ನು ಮಾತಾಡುತ್ತಾ ಮಾಡುತ್ತಾನಂತೆ. ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಜೋಸಿಯಾನ್ ಕಾಫಿ ತಂದಾಗ ನನ್ನ ಕೈಯನ್ನೇ ನೋಡಿದಳು. “ಅಲ್ಲ ವಿಲ್ಲಿ, ನಿಂದು ತುಕ್ಕುಗೈ ಅಲ್ವಾ? ಬರಿಗೈಲಿ ಮುಟ್ತಿದೀಯಲ್ಲ. ಒಕ್ತಾವ್ ಥರ ರಬ್ಬರ್ ಹಾಕ್ಕೋಬಾರದಾ?”

“ನಿನ್ನ ಕೆಲಸ ನೀನು ನೋಡು” ಎಂದು ರೇಗಿದೆ. ಕಾಫಿ ಇಟ್ಟು ಹೋದಳು. ಈ ವಿಷಯ ಇಷ್ಟಕ್ಕೇ ಸಾಕು.

ಜನವರಿ 6, ಭಾನುವಾರ

ಯಂತ್ರ ನಡೆಯಿತು! ಎಲ್ಲ ಬಿಚ್ಚಿ, ತೊಳೆದು, ಎಣ್ಣೆ ಮುಟ್ಟಿಸಿ, ಜೋಡಿಸಿದ್ದೆ. ಕೀಲಿ ಕೊಟ್ಟಾಗ ಒಳಗಿನ ಸಣ್ಣ ಚಕ್ರ ಒಮ್ಮೆ ನಡುಗಿತು, ಆಮೇಲೆ ಹೊಯ್ದಾಡತೊಡಗಿತು. ಕಿವಿಗೆ ಹಿಡಿದುಕೊಂಡು ಜೋಸಿಯಾನ್‌ಳನ್ನು ಕೂಗಿದೆ. ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದು ಕಿವಿ ಕೊಟ್ಟಳು. ಆಮೇಲೆ ನನ್ನ ಕೆನ್ನೆಗೆ ಹಿಟ್ಟು ಮೆತ್ತಿದಳು.

ಮೂರು ಗಂಟೆ ನಡೆದು ನಿಂತಿತು. ಪರವಾಗಿಲ್ಲ.

ಜನವರಿ 20, ಭಾನುವಾರ

ಸರೋವರ ಪೂರ್ತಿ ಗಟ್ಟಿಯಾಗಿದೆ. ಇಡೀ ಕಣಿವೆ ಸ್ಕೇಟ್ ಕಟ್ಟಿಕೊಂಡು ಮಂಜುಗಡ್ಡೆಯ ಮೇಲಿತ್ತು. ನಾನು ದಡದಲ್ಲಿ ಬಿಸಿ ವೈನು ಕುಡಿಯುತ್ತಾ ನಿಂತಿದ್ದೆ. ಒಕ್ತಾವ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಕಾಲಿನ ಮೇಲೆ ಜಾರಿ ಹೋದ. ಅರವತ್ತಮೂರು ವರ್ಷ! ನೋಡಿದವರೆಲ್ಲ “ಓಹೋ ಒಕ್ತಾವ್!” ಎಂದು ಕೂಗಿದರು. ಅವನಿಗೆ ಯಾವುದೂ ಕಷ್ಟವಿಲ್ಲ. ಎಲ್ಲವೂ ತಾನಾಗಿ ಅವನ ಕಾಲ ಬಳಿಗೇ ಬರುತ್ತದೆ.

ಆಮೇಲೆ ಬಿದ್ದ. ಬಿದ್ದಾಗ ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಹೋಗಿ ಎತ್ತಿದೆ. ಕೈಗವಸು ಕಳಚಿ ಹೋಗಿತ್ತು. ಬೆರಳುಗಳೆಲ್ಲ ಸೀಳಿಕೊಂಡಿವೆ, ಗೆಣ್ಣುಗಳಲ್ಲಿ ರಕ್ತ ಒಣಗಿದೆ. ಇದು ಇವತ್ತು ಬಿದ್ದ ಗಾಯವಲ್ಲ.

“ಏನೋ ಇದು?”

“ಸೋಪು, ಸ್ಪಿರಿಟ್ಟು. ಚಳಿಗಾಲದಲ್ಲಿ ಇಷ್ಟೇ” ಎಂದು ಬೇಗ ಗವಸು ಹಾಕಿಕೊಂಡ. ದಿನಕ್ಕೆ ಇಪ್ಪತ್ತು ಸಲ ಕೈ ತೊಳೆದರೆ ಇನ್ನೇನಾಗುತ್ತದೆ? ಒಯ್ಯಾರಕ್ಕೆ ತಕ್ಕ ಶಾಸ್ತಿ.

ಜನವರಿ 26, ಶನಿವಾರ

ಒಳಮೂಲೆ ಹೇಗೆ ಮಾಡುತ್ತಾನೆಂದು ಕದ್ದು ತಿಳಿದುಕೊಳ್ಳಲು ಲೆ ಸಾಂತಿಯೇಯಲ್ಲಿರುವ ಅವನ ಮನೆಗೆ ಹೋದೆ. ನೆಪಕ್ಕೆ ಒಂದು ಕಟ್ಟು ಜೆಂಶಿಯನ್ ಕಡ್ಡಿ. ದಾರಿಯಲ್ಲಿ ನೆನಪಾಗಿ, ಹಸುವಿನ ಕೆಚ್ಚಲಿಗೆ ಹಚ್ಚುವ ಮುಲಾಮಿನ ಒಂದು ಡಬ್ಬಿಯನ್ನೂ ಜೇಬಿಗೆ ಹಾಕಿಕೊಂಡಿದ್ದೆ. ಮಾಳಿಗೆಯಲ್ಲಿ ಸುಮ್ಮನೆ ಬಿದ್ದಿತ್ತು.

“ಸಿಕ್ತಾ ಕಡ್ಡಿ? ಗಿಡ ಸರಿಯಾಗಿ ಬಂದಿಲ್ಲ ಅಂದಿದ್ದೆ?”

“ಹುಡುಕಿದ್ರೆ ಸಿಗುತ್ತೆ.” ಆಮೇಲೆ ಎಲ್ಲೋ ನೋಡುತ್ತಾ ಕೇಳಿದೆ: “ಈ ಕಡ್ಡಿ ದಪ್ಪ ಇರುತ್ತಲ್ಲ. ಒಳಮೂಲೆಗೆ ಹೇಗೆ ಹೋಗುತ್ತೆ?”

ಯಾಕೆ ಕೇಳಿದೆ ಎಂದು ಅವನು ವಿಚಾರಿಸಲೂ ಇಲ್ಲ. ಒಂದು ಕಡ್ಡಿ ತೆಗೆದು, “ತುದೀನ ಹಲ್ಲಲ್ಲಿ ಕಚ್ಚಿ ಚಪ್ಪಟೆ ಮಾಡ್ಕೋಬೇಕು. ಕತ್ತಿಯಲ್ಲಿ ಚೂಪು ಮಾಡಿದ್ರೆ ಗಟ್ಟಿಯಾಗುತ್ತೆ, ಗೀರುತ್ತೆ. ಕಚ್ಚಿದ್ರೆ ಮೆತ್ತಗಾಗಿ ಮೂಲೆಯೊಳಗೆ ತಾನೇ ಕೂತ್ಕೊಳ್ಳುತ್ತೆ. ಅಪ್ಪ ಹೇಳಿಕೊಟ್ಟಿದ್ದು” ಎಂದು ಮಾಡಿ ತೋರಿಸಿದ. ಅಪ್ಪ ಅವನಿಗೆ ಹೇಳಿಕೊಟ್ಟದ್ದು. ನನಗೆ ತೋರಿಸಿದ್ದು ಮುಚ್ಚಿದ ಖಾನೆಯನ್ನು.

ಬಚ್ಚಲಿಗೆ ಹೋದಾಗ ಕಪಾಟು ತೆರೆದಿತ್ತು. ರಬ್ಬರ್ ಟೊಪ್ಪಿಗೆಗಳ ಪೊಟ್ಟಣಗಳು ಮೇಲಿನಿಂದ ಕೆಳಗಿನವರೆಗೆ ಪೇರಿಸಿವೆ. ಸ್ಪಿರಿಟ್ಟಿನ ಬಾಟಲಿಗಳು ಬೇರೆ. ಒಬ್ಬ ಮನುಷ್ಯನಿಗೆ ಇಷ್ಟೇಕೆ? ಮುಲಾಮಿನ ಡಬ್ಬಿಯನ್ನು ಅಲ್ಲೇ ಇಟ್ಟು ಬಂದೆ. ಕೈಯಲ್ಲಿ ಕೊಟ್ಟರೆ ಏನಾದರೂ ತಪ್ಪು ತಿಳಿದುಕೊಂಡಾನು.

ಫೆಬ್ರವರಿ 9, ಶನಿವಾರ

ಬಂತು. ಒಳಮೂಲೆ ಬಂತು. ಕಡ್ಡಿಯನ್ನು ಕಚ್ಚಿ ಕಚ್ಚಿ ನಾಲಿಗೆಯೆಲ್ಲ ಕಹಿಯಾಗಿದೆ. ಐದು ಮೂಲೆಗಳಲ್ಲಿ ನಾಲ್ಕು ಚೂಪಾಗಿವೆ, ಐದನೆಯದು ಕೂದಲೆಳೆಯಷ್ಟು ಮೊಂಡು. ಕಿಟಕಿಯ ಬೆಳಕಿಗೆ ಹಿಡಿದಾಗ ಪಟ್ಟಿಯ ಅಂಚಿನ ಮೇಲೆ ಹಿಮದ ಬಿಳುಪು ಒಂದು ಗೆರೆಯಾಗಿ ಓಡಿತು.

ಮೊದಲು ಒಕ್ತಾವ್‌ಗೆ ತೋರಿಸಬೇಕು ಎನಿಸಿತು. ಆಮೇಲೆ ನೆನಪಾಯಿತು, ಅವನನ್ನು ಸೋಲಿಸುವುದಕ್ಕೆ ಮಾಡುತ್ತಿರುವುದು.

ಫೆಬ್ರವರಿ 21, ಗುರುವಾರ

ಡಯಲ್‌ಗೆ ಅಮ್ಮನ ಬೆಳ್ಳಿ ಚಮಚ ಹೋಯಿತು. ಅದನ್ನು ಬಡಿದು, ತಟ್ಟಿ, ನಡುವೆ ತೊಗಟೆಯ ಗೆರೆಗಳ ಹಾಗೆ ಸಣ್ಣ ಸಣ್ಣ ಗೆರೆ ಕೆತ್ತಿದೆ. ಮುಳ್ಳುಗಳನ್ನು ಕಾಸಿ ನೀಲಿ ಬಣ್ಣ ಬರಿಸಲು ಒಂಬತ್ತು ಸಲ ಬೇಕಾಯಿತು. ಒಂಬತ್ತನೇ ಸಲ ಎರಡೂ ಒಂದೇ ನೀಲಿಗೆ ಬಂದವು. ಈಗ ವಾಚು ಮೂವತ್ತು ಗಂಟೆ ನಡೆಯುತ್ತದೆ, ದಿನಕ್ಕೆ ನಲವತ್ತು ಸೆಕೆಂಡು ಮುಂದೆ ಓಡುತ್ತದೆ. ಅವನದು ಎರಡು ಸೆಕೆಂಡಂತೆ. ಆಗಲಿ, ಅವನಿಗೆ ನಲವತ್ತೇಳು ವರ್ಷ ಸಿಕ್ಕಿತ್ತು, ನನಗೆ ನಾಲ್ಕು ತಿಂಗಳು.

ಮಾರ್ಚ್ 8, ಶುಕ್ರವಾರ

ಹೇಗೆ ಬರೆಯಲಿ ತಿಳಿಯುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಕೊನೆಯ ಸಲ ಒರೆಸಿ ನೋಡಲೆಂದು ಯಂತ್ರವನ್ನು ಕವಚದಿಂದ ತೆಗೆದು ಬರಿಗೈಯಲ್ಲಿ ಹಿಡಿದಿದ್ದೆ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಜೋಸಿಯಾನ್ ಎಂದುಕೊಂಡು ತಲೆಯೆತ್ತಲಿಲ್ಲ.

“ದೊಡ್ಡವನೇ, ಆ ಮುಲಾಮು ಮುಗೀತು. ಇನ್ನೊಂದು ಡಬ್ಬಿ ಇದೆಯಾ?”

ಒಕ್ತಾವ್! ಬಚ್ಚಿಡಲು ಸಮಯವೇ ಇರಲಿಲ್ಲ. ಅವನು ಮೇಜಿನ ಹತ್ತಿರ ಬಂದ. ಲೇತು ನೋಡಿದ, ಅರ ನೋಡಿದ, ಹಲ್ಲಿನ ಗುರುತಿದ್ದ ಕಡ್ಡಿಗಳನ್ನು ನೋಡಿದ. ಆಮೇಲೆ ನನ್ನ ಕೈಯನ್ನು ನೋಡಿದ. ಅವನ ಮುಖದ ಬಣ್ಣ ಇಳಿದುಹೋಯಿತು.

“ಈ ಪಟ್ಟಿ ಯಾವಾಗ ಮಾಡಿದ್ದು?”

“ಫೆಬ್ರವರಿ ಮೊದಲಲ್ಲಿ.”

“ಯಾವಾಗ್ಲೂ ಹೀಗೆ ಬರಿಗೈಲೇ ಮುಟ್ತೀಯಾ?”

“ಹೂಂ.”

ಜೇಬಿನಿಂದ ಗಾಜು ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು ಪಟ್ಟಿಯನ್ನು ತುಂಬ ಹೊತ್ತು ನೋಡಿದ. ಒಂದು ಚುಕ್ಕೆಯಷ್ಟೂ ತುಕ್ಕಿರಲಿಲ್ಲ. ಗಾಜು ತೆಗೆದು ಚೀಸ್ ಹಲಗೆಯ ಮೇಲೆ ಕುಳಿತುಬಿಟ್ಟ.

“ನನಗೆ ಗೊತ್ತಿತ್ತು ಕಣೋ. ಹದಿನಾರನೇ ವರ್ಷದಲ್ಲೇ ಗೊತ್ತಾಯ್ತು. ಗಡಿಯಾರದ ಶಾಲೇಲಿ ಮೊದಲ ವಾರ ನಾನು ಮುಟ್ಟಿದ ಸ್ಕ್ರೂಗಳೆಲ್ಲ ಮಾರನೇ ದಿನ ಕೆಂಪಾಗಿದ್ವು. ತುಕ್ಕುಗೈ ನನ್ನದು, ವಿಲ್ಲಿ. ಅಪ್ಪ ನಮ್ಮ ಎದುರಿಗೆ ಕೂತಿದ್ನಲ್ಲ, ಎಡ ಬಲ ಕಲಸಿಬಿಟ್ಟ. ನಿನ್ನ ಪಟ್ಟೀನ ನನ್ನ ಖಾನೇಲಿ ಇಟ್ಟುಬಿಟ್ಟ.” ಟೋಪಿ ತೆಗೆದು ಪಕ್ಕಕ್ಕಿಟ್ಟ. “ಹೇಳಬೇಕಿತ್ತು. ಹೇಳಿದ್ರೆ ಮೇಜಿನಿಂದ ಎಬ್ಬಿಸಿಬಿಡ್ತಾರೆ ಅಂತ ಹೆದರಿದೆ. ರಬ್ಬರ್ ಹಾಕ್ಕೊಂಡೆ. ಆಮೇಲೆ ವರ್ಷಗಳು ಹೋದ್ವು. ನಿನ್ನ ಜಾಗದಲ್ಲಿ ಕೂತ್ಕೊಂಡೇ ಮುದುಕನಾದೆ.”

ನಾನು ಯಂತ್ರವನ್ನು ಕವಚದೊಳಗೆ ಕೂರಿಸಿದೆ.

“ಬರೋ ಶುಕ್ರವಾರ ಸಮಾರಂಭದಲ್ಲಿ ಎಲ್ಲರ ಮುಂದೆ ಹೇಳ್ತೀನಿ. ಕಣಿವೆಯ ಕೈ ಯಾರದು ಅಂತ ಎಲ್ಲರಿಗೂ ಗೊತ್ತಾಗಲಿ.”

ಅಳುತ್ತಿದ್ದ. ಅರವತ್ತಮೂರು ವರ್ಷದ ಗಂಡಸು. ಟೋಪಿಯನ್ನು ಅಲ್ಲೇ ಮರೆತು ಹೋದ. ಮುಲಾಮನ್ನೂ ಮರೆತ.

ಮಾರ್ಚ್ 9, ಶನಿವಾರ

ನನಗೆ ಬೇಕಾದದ್ದಕ್ಕಿಂತ ಹೆಚ್ಚೇ ಸಿಕ್ಕಿದೆ. ಇಡೀ ಕಣಿವೆಯ ಮುಂದೆ ಅವನ ಬಾಯಿಂದಲೇ ಬರುತ್ತದೆ. ಬೆಳಿಗ್ಗೆ ಎರಡು ಸಲ ತಿಂಡಿ ತಿಂದೆ, ಶಿಳ್ಳೆ ಹಾಕಿದೆ.

“ಏನಾಯ್ತು ನಿನಗೆ? ನಿನ್ನೆ ಒಕ್ತಾವ್ ಯಾಕೆ ಹಾಗೆ ಹೋದ?” ಎಂದು ಜೋಸಿಯಾನ್ ಕೇಳಿದಳು. ಏನಿಲ್ಲ ಎಂದೆ. ಅವನ ಟೋಪಿ ಗೂಟದಲ್ಲಿ ನೇತಾಡುತ್ತಿದೆ.

ಮಾರ್ಚ್ 10, ಭಾನುವಾರ

ಊಟ ಸೇರಲಿಲ್ಲ. ಟೋಪಿಯನ್ನು ಕಪಾಟಿನೊಳಗೆ ಇಟ್ಟೆ, ಆದರೂ ಕಾಣುತ್ತದೆ.

ಐವತ್ತಮೂರು ವರ್ಷದಿಂದ ಯಾರಿಗೂ ಹೇಳದ್ದು, ಈ ಪುಸ್ತಕಕ್ಕೂ ಹೇಳದ್ದು. ಈಗ ಬರೆದೇಬಿಡುತ್ತೇನೆ.

ಅಪ್ಪ ಏನನ್ನೂ ಕಲಸಲಿಲ್ಲ. ಎಡಗಡೆ ನನ್ನದನ್ನೇ ಇಟ್ಟ, ಬಲಗಡೆ ಅವನದನ್ನೇ ಇಟ್ಟ. ಆದರೆ ಪಟ್ಟಿ ಹಿಡಿದಿದ್ದಾಗ ಹೆದರಿಕೆಗೆ ನನ್ನ ಅಂಗೈ ಒದ್ದೆಯಾಗಿತ್ತು. ಒಕ್ತಾವ್ ಮಾತ್ರ ಆಟವೆಂಬಂತೆ ನಗುತ್ತಿದ್ದ. ಅಪ್ಪ ಯಾವಾಗಲೂ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದುದು ಅವನನ್ನೇ. ಅವನೇ ಗೆಲ್ಲುತ್ತಾನೆ, ನನ್ನದು ತುಕ್ಕು ಹಿಡಿಯುತ್ತದೆ ಎಂದು ನನಗೆ ಖಾತ್ರಿಯಾಗಿತ್ತು. ಬೆಳಕು ಹರಿಯುವಾಗ, ಅಪ್ಪ ಒಲೆ ಹಚ್ಚುವ ಮೊದಲು, ನಾನು ಎದ್ದು ಹೋಗಿ ಎರಡು ಪೊಟ್ಟಣಗಳನ್ನೂ ಅದಲು ಬದಲು ಮಾಡಿದೆ. ಕಾಗದ ಬಿಚ್ಚಿಯೂ ನೋಡಲಿಲ್ಲ.

ಅಪ್ಪ ಎಡಗಡೆಯ ಖಾನೆ ತೆಗೆದಾಗ ಅದರೊಳಗಿದ್ದ ತುಕ್ಕು ಒಕ್ತಾವ್‌ನದು. ಬಲಗಡೆ ಕನ್ನಡಿಯ ಹಾಗೆ ಹೊಳೆಯುತ್ತಿದ್ದದ್ದು ನನ್ನದು. ಹೇಳಬಹುದಿತ್ತು. ಹೇಳಿದರೆ ಕಳ್ಳನಾಗುತ್ತಿದ್ದೆ. ತುಕ್ಕುಗೈಯವನನ್ನು ಅಪ್ಪ ಕ್ಷಮಿಸುತ್ತಿದ್ದ, ಕಳ್ಳನನ್ನು ಕ್ಷಮಿಸುತ್ತಿರಲಿಲ್ಲ. ಆಮೇಲೆ ತಮ್ಮನ ಮೇಲೆ ಹೊಟ್ಟೆಕಿಚ್ಚು ಪಡುವುದೇ ಸುಲಭವಾಯಿತು. ಅದು ಅಭ್ಯಾಸವಾಯಿತು. ಕೊನೆಕೊನೆಗೆ ನನಗೆ ಅನ್ಯಾಯವಾಗಿದೆ ಎಂದು ನಾನೇ ನಂಬಿಬಿಟ್ಟೆ.

ಸುಮ್ಮನಿದ್ದರೆ ಸಾಕು. ಶುಕ್ರವಾರ ಅವನು ಎದ್ದು ನಿಲ್ಲುತ್ತಾನೆ, ತನ್ನ ಹೆಸರನ್ನು ತಾನೇ ಮಣ್ಣುಪಾಲು ಮಾಡಿಕೊಳ್ಳುತ್ತಾನೆ, ಜನ ತಿರುಗಿ ನನ್ನನ್ನು ನೋಡುತ್ತಾರೆ. ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಸಾಕು. ನನಗೆ ಚೆನ್ನಾಗಿ ಬರುವ ಕೆಲಸ ಅದೊಂದೇ.

ಮಾರ್ಚ್ 12, ಮಂಗಳವಾರ

ಬೆಳಗಿನ ಪುಟ್ಟ ರೈಲಿನಲ್ಲಿ ಹೋದೆ. ಕೈಯಲ್ಲಿ ಅವನ ಟೋಪಿ, ಜೇಬಿನಲ್ಲಿ ಮುಲಾಮು, ಮಣಿಕಟ್ಟಿನಲ್ಲಿ ವಾಚು. ಒಕ್ತಾವ್ ಅಡುಗೆಮನೆಯಲ್ಲಿ ಭಾಷಣ ಬರೆಯುತ್ತಾ ಕುಳಿತಿದ್ದ. ಅವನ ಮನೆಯಲ್ಲಿ ಒಂದು ಗಡಿಯಾರವೂ ಇಲ್ಲ ಎನ್ನುವುದನ್ನು ನಾನು ಇವತ್ತೇ ಗಮನಿಸಿದ್ದು.

ನಿಂತೇ ಹೇಳಿದೆ. ಕುಳಿತರೆ ಧೈರ್ಯ ಹೋಗುತ್ತಿತ್ತು. “ಒಕ್ತಾವ್, ಅಪ್ಪ ಎಡ ಬಲ ಕಲಸಲಿಲ್ಲ. ನಾನು ಕಲಸಿದ್ದು. ಬೆಳಿಗ್ಗೆ ಬೇಗ ಎದ್ದು ಪೊಟ್ಟಣ ಬದಲಾಯಿಸ್ದೆ.”

ಅವನು ಪೆನ್ನು ಕೆಳಗಿಟ್ಟ.

“ಯಾಕೆ?”

“ನೀನೇ ಗೆಲ್ತೀಯ ಅಂತ.”

“ನನಗೆ ಹತ್ತು ವರ್ಷ ಕಣೋ ಆಗ.”

“ಗೊತ್ತು.”

ಎದ್ದ. ಅಭ್ಯಾಸಬಲದಿಂದ ನಲ್ಲಿಯ ಹತ್ತಿರ ಹೋಗಿ ತಿರುಗಿಸಿದ. ನೀರು ಸುರಿಯುವುದನ್ನು ನೋಡುತ್ತಾ ನಿಂತು, ಕೈ ತೊಳೆಯದೆ ನಿಲ್ಲಿಸಿದ. ನನಗೆ ಬೆನ್ನು ಹಾಕಿಕೊಂಡೇ ಮಾತಾಡಿದ.

“ಸಮಾಧಿ ಹತ್ರ ಹೋದಾಗೆಲ್ಲ ಅಪ್ಪನ್ನ ಬೈದಿದೀನಿ. ಎಡಗೈ ಬಲಗೈ ಗೊತ್ತಾಗದ ಮುದುಕ, ನನ್ನನ್ನ ತಂದು ಈ ನರಕದಲ್ಲಿ ಕೂರಿಸಿದೆಯಲ್ಲ ಅಂತ.”

“ನರಕ?” ಎಂದೆ. ನಿಜಕ್ಕೂ ನನಗೆ ಅರ್ಥವಾಗಲಿಲ್ಲ.

“ಮತ್ತಿನ್ನೇನು? ದಿನಾ ಎಲ್ಲರಿಗಿಂತ ಮುಂಚೆ ಹೋಗಿ, ನಿನ್ನೆ ಮುಟ್ಟಿದ್ದನ್ನೆಲ್ಲ ತೆಗೆದು ನೋಡಬೇಕು. ಎಲ್ಲಾದ್ರೂ ಕೆಂಪು ಎದ್ದಿದೆಯಾ ಅಂತ. ನಲವತ್ತೇಳು ವರ್ಷ, ವಿಲ್ಲಿ. ನಿನ್ನ ಮಾಳಿಗೆಗೆ ಬಂದಾಗೆಲ್ಲ ನೋಡ್ತಿದ್ದೆ. ನೀನು ಬರಿಗೈಲಿ ಚೀಸ್ ತಟ್ಕೊಂಡು, ಶಿಳ್ಳೆ ಹಾಕ್ಕೊಂಡು ಇರ್ತಿದ್ದೆ. ಹೊಟ್ಟೆ ಉರೀತಿತ್ತು ನನಗೆ.”

ಅವನಿಗೆ, ನನ್ನ ಮೇಲೆ! ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಆ ಮನೆಯಲ್ಲಿ ನನ್ನ ಕೈಯಲ್ಲಿದ್ದ ವಾಚೊಂದೇ ಸದ್ದು ಮಾಡುತ್ತಿತ್ತು.

“ತೆಗಿ ಅದನ್ನ” ಎಂದ.

ಬಿಚ್ಚಿ ಕೊಟ್ಟೆ. ಬೆರಳುಗಳಿಗೆ ರಬ್ಬರ್ ಹಾಕಿಕೊಂಡ, ಗಾಜು ಸಿಕ್ಕಿಸಿಕೊಂಡ, ಬೆನ್ನಿನ ಮುಚ್ಚಳ ತಿರುಗಿಸಿ ತೆಗೆದ. ಶಾಲೆಯಲ್ಲಿ ಫಲಿತಾಂಶಕ್ಕೆ ಕಾದ ಹಾಗೆ ಕಾದೆ.

“ಒಂದು ಮೂಲೆ ಮೊಂಡಾಗಿದೆ.”

“ಗೊತ್ತು.”

“ಮುಳ್ಳಿನ ಬಣ್ಣ ಚೆನ್ನಾಗಿದೆ. ಡಯಲ್ ಅಮ್ಮನ ಚಮಚ ಅಲ್ವಾ?” ಗಾಜು ತೆಗೆದ. “ಪರವಾಗಿಲ್ಲ.”

ಈ ಕಣಿವೆಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಹುಟ್ಟಿದ ಮಗುವನ್ನು ನೋಡಿದರೂ ಇಲ್ಲಿಯವರು ಅನ್ನುವುದು ಇಷ್ಟೇ. ಅವನು ಪೆಟ್ಟಿಗೆಯಿಂದ ಸೂಜಿ ತೆಗೆದ. ಮುಚ್ಚಳವನ್ನು ಅಂಗೈ ಮೇಲಿಟ್ಟು, ಸೂಜಿಯ ಮೊನೆ ಊರಿ, ಹಾಗೆಯೇ ನಿಂತುಬಿಟ್ಟ. ಆಮೇಲೆ ಸೂಜಿಯನ್ನು ಪೆಟ್ಟಿಗೆಗೆ ವಾಪಸು ಇಟ್ಟ.

ಬೇಡ ಎಂದುಬಿಟ್ಟನೆಂದುಕೊಂಡೆ. ನನಗೆ ಅದೇ ಸರಿ.

“ಸೂಜಿ ಗುರುತು ಕಂಪನೀದು” ಎಂದು ಒಕ್ತಾವ್ ಹೆಬ್ಬೆರಳಿನ ರಬ್ಬರ್ ಕಿತ್ತ. ಸೀಳಿದ, ಮುಲಾಮಿನಿಂದ ಅರ್ಧ ವಾಸಿಯಾದ ಆ ಬರಿ ಹೆಬ್ಬೆರಳನ್ನು ಮುಚ್ಚಳದ ಒಳಗೆ, ನಾನು ಹೊಳಪು ಮಾಡಿದ ಉಕ್ಕಿನ ನಟ್ಟ ನಡುವೆ, ಬಲವಾಗಿ ಒತ್ತಿ ಹಿಡಿದ. “ಇದು ನನ್ನದು. ಒರೆಸಬೇಡ.”

ಮಾರ್ಚ್ 17, ಭಾನುವಾರ

ಶುಕ್ರವಾರ ಸಮಾರಂಭ ಮುಗಿಯಿತು. ಒಕ್ತಾವ್ ಖಾನೆಗಳ ಸುದ್ದಿ ಎತ್ತಲಿಲ್ಲ. ಎರಡೇ ಮಾತಾಡಿದ, ಅದರಲ್ಲಿ ಒಂದು ಜೆಂಶಿಯನ್ ಕಡ್ಡಿಯ ಬಗ್ಗೆ. ಕಂಪನಿಯವರು ಉಕ್ಕಿನ ಒಂದು ಫಲಕ ಕೊಟ್ಟರು. ರಬ್ಬರಿಲ್ಲ, ಪುಡಿಯಿಲ್ಲ, ಹತ್ತೂ ಬೆರಳಲ್ಲಿ ಅದನ್ನು ಅಪ್ಪಿ ಹಿಡಿದುಕೊಂಡು ನನ್ನತ್ತ ನೋಡಿದ. ನನಗೆ ನಗು ತಡೆಯಲಾಗಲಿಲ್ಲ. ಜೋಸಿಯಾನ್ ಪಕ್ಕೆಗೆ ತಿವಿದಳು.

ಇವತ್ತು ಊಟಕ್ಕೆ ಬಂದಿದ್ದ. ಸಾಸೇಜಿನ ದೊಡ್ಡ ತುಂಡನ್ನು ನಾನೇ ಅವನಿಗೆ ಹಾಕಿದೆ. ಸಣ್ಣದು ಸ್ವಲ್ಪ ಸುಟ್ಟಿತ್ತು, ನನಗೆ ಸುಟ್ಟದ್ದೇ ಇಷ್ಟ.

ಮಾರ್ಚ್ 19, ಮಂಗಳವಾರ

ಕಿಟಕಿಯ ಹತ್ತಿರ ಕುಳಿತು ಮುಚ್ಚಳ ತೆಗೆದು ನೋಡಿದೆ. ಒಕ್ತಾವ್‌ನ ಹೆಬ್ಬೆಟ್ಟು ಗೆರೆಗೆರೆಯಾಗಿ, ಸೀಳಿನ ಗುರುತಿನ ಸಮೇತ, ಕೆಂಪಗೆ ಮೂಡಿ ನಿಂತಿದೆ. ಪಕ್ಕದಲ್ಲೇ ಎಣ್ಣೆ ಬಟ್ಟೆ ಇತ್ತು, ಮುಟ್ಟಲಿಲ್ಲ.

ಅವತ್ತು ಮನೆಗೆ ಬಂದ ಕೂಡಲೇ ಅದರ ಪಕ್ಕದಲ್ಲಿ ನನ್ನ ಹೆಬ್ಬೆಟ್ಟನ್ನೂ ಒತ್ತಿದ್ದೆ, ಗಟ್ಟಿಯಾಗಿ, ಎರಡು ಸಲ. ಏಳು ದಿನವಾಯಿತು. ನನ್ನದು ಇನ್ನೂ ಏನೂ ಮೂಡಿಲ್ಲ. ವಾಚು ಮಾಡಿದವನು ನಾನು, ಒಳಗೆ ಇರುವುದು ಅವನ ಗುರುತು. ನೋಡಿದರೆ ಈಗಲೂ ಸ್ವಲ್ಪ ಹೊಟ್ಟೆ ಉರಿಯುತ್ತದೆ.